ಆಟ ಎಲ್ಲಿ ಎಡವುತ್ತದೆ?

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿದು ಶಾಲೆ, ಕಾಲೇಜುಗಳಿಗೆ ರಜೆ ಸಾರಿದರೆ ಕೊಡಗಿನ ಎಷ್ಟೋ ಮನೆಗಳಲ್ಲಿ ಹುಡುಗರು ಕಂಪ್ಯೂಟರ್ ಮುಂದೆ ಕೂರುತ್ತಾರೆ. ಅದರ ಬೆನ್ನಿಗೇ ದೂರು ಶುರುವಾಗುತ್ತದೆ: ಆಟ ತಡೆತಡೆದು ಓಡುತ್ತಿದೆ, ಚಿತ್ರ ಜಗ್ಗುತ್ತಿದೆ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ರೋಗ ಯಾವುದೆಂದು ತಾವೇ ತೀರ್ಮಾನಿಸಿಕೊಂಡು ಬಂದಿರುತ್ತಾರೆ. ಹಿರಿಯರಾದರೆ ಕರೆಂಟ್ ಸರಿಯಿಲ್ಲ ಎನ್ನುತ್ತಾರೆ, ಇಲ್ಲವೇ ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಾರೆ. ಕಿರಿಯರಾದರೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಹಳೆಯದಾಯಿತು, ಹೊಸದು ಬೇಕು ಎನ್ನುತ್ತಾರೆ. ಮೂರೂ ಒಮ್ಮೊಮ್ಮೆ ನಿಜವೇ. ಆದರೆ ಹತ್ತಾರು ಸಾವಿರ ಸುರಿದು ಹೊಸ ಕಾರ್ಡ್ ಕೂರಿಸಿದ ಮೇಲೂ ಆಟ ಅಲ್ಲಲ್ಲೇ ಎಡವುವುದನ್ನು ನೋಡಿದ್ದೇನೆ. ಹಣ ಬಿಚ್ಚುವ ಮೊದಲು ಅಳೆದು ನೋಡಿ ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ನೆಟ್‌ವರ್ಕ್ ಮೇಲಿನ ಆರೋಪವನ್ನು ಇತ್ಯರ್ಥ ಮಾಡೋಣ. ಗಾಳಿಗೆ ಮರ ಬಿದ್ದು ಕೇಬಲ್ ತುಂಡಾಗುವ ಊರುಗಳು ನಮ್ಮವು, ಆರೋಪಕ್ಕೆ ಆಧಾರವಿಲ್ಲದಿಲ್ಲ. ಪರೀಕ್ಷೆ ಸುಲಭ. ಆಟದೊಳಗೆ ನಿಂತಲ್ಲೇ ನಿಂತು, ಮೌಸ್ ಎಳೆದು ಸುತ್ತಲೂ ಒಮ್ಮೆ ನೋಡಿ. ನಿಮ್ಮ ನೋಟ ನಯವಾಗಿ ತಿರುಗುತ್ತಿದ್ದು, ಎದುರಾಳಿಗಳು ಮಾತ್ರ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಕಾಣಿಸಿಕೊಂಡರೆ, ಹೊಡೆದ ಗುಂಡು ತಡವಾಗಿ ತಗಲಿದರೆ, ಅದು ನೆಟ್‌ವರ್ಕಿನ ತೊಂದರೆ. ಗೋಡೆ, ಮರ, ಆಕಾಶ ಎಲ್ಲವೂ ಒಟ್ಟಿಗೇ ಜಗ್ಗಿ ಜಗ್ಗಿ ತಿರುಗಿದರೆ ತೊಂದರೆ ಯಂತ್ರದೊಳಗಿದೆ. ಇನ್ನೂ ಸಂಶಯವಿದ್ದರೆ ಇಂಟರ್‌ನೆಟ್ ಬೇಡದ ಆಟವೊಂದನ್ನು ತೆರೆದು, ವೈಫೈ ಆಫ್ ಮಾಡಿ ಆಡಿ ನೋಡಿ.

ಇನ್ನು ಕರೆಂಟ್. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಇದೆ. ಗೋಡೆಯಿಂದ ಬರುವ ವೋಲ್ಟೇಜ್ ಸ್ವಲ್ಪ ಏರಿಳಿದರೂ ಅದು ಒಳಗಿನ ಭಾಗಗಳಿಗೆ 12 ವೋಲ್ಟನ್ನೇ ಕೊಡುತ್ತಿರುತ್ತದೆ. ಕೊಡಲಾರದ ಸ್ಥಿತಿ ಬಂದರೆ ಯಂತ್ರ ಆರಿಹೋಗುತ್ತದೆ ಅಥವಾ ತಾನಾಗಿ ಮರಳಿ ಶುರುವಾಗುತ್ತದೆ. ಬಲ್ಬು ಮಂಕಾದಂತೆ ಆಟ ಮಂಕಾಗುವುದಿಲ್ಲ. ಲ್ಯಾಪ್‌ಟಾಪಿನ ಕತೆ ಬೇರೆ. ಕರೆಂಟ್ ಹೋಗಿ ಬ್ಯಾಟರಿಗೆ ಇಳಿದ ಕೂಡಲೇ ಅದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ಪಿನ ವೇಗಕ್ಕೆ ಕಡಿವಾಣ ಹಾಕುತ್ತದೆ, ಆಟದ ವೇಗ ಅರ್ಧಕ್ಕೂ ಇಳಿಯಬಹುದು. ಜೊತೆಗೆ ಬಂದ ಚಾರ್ಜರ್ ಹಾಳಾಗಿ, ಅದಕ್ಕಿಂತ ಕಡಿಮೆ ವ್ಯಾಟಿನದನ್ನು ಸಿಕ್ಕಿಸಿದರೂ ಇದೇ ಗತಿ. ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತದೆ, ಶಕ್ತಿ ಮಾತ್ರ ಸಾಲುವುದಿಲ್ಲ.

ಈಗ ಅಳತೆಯ ವಿಷಯ. ಪರದೆಯ ಮೇಲಿನ ಚಲನೆ ಎಂದರೆ ಒಂದರ ಹಿಂದೊಂದು ಬರುವ ಸ್ಥಿರ ಚಿತ್ರಗಳು, ಅಂದರೆ ಫ್ರೇಮ್‌ಗಳು. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಪ್ರತಿಯೊಂದಕ್ಕೂ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. 144 ಬೇಕೆಂದರೆ ಅದು 7 ಮಿಲಿಸೆಕೆಂಡಿಗಿಂತ ಕಡಿಮೆ. ಮಧ್ಯದಲ್ಲಿ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡಿತು ಎನ್ನಿ. ಆರು ಚಿತ್ರ ಕಾಣಬೇಕಾದ ಹೊತ್ತಿನಲ್ಲಿ ಒಂದೇ ಚಿತ್ರ ನಿಂತಿರುತ್ತದೆ, ಕಣ್ಣಿಗೆ ತಟ್ಟನೆ ಗೊತ್ತಾಗುತ್ತದೆ. ಆದರೆ ಮೂಲೆಯಲ್ಲಿ ಬರುವ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಸಂಖ್ಯೆ, ಸರಾಸರಿಯಾದ್ದರಿಂದ ಅದು ಅಷ್ಟಾಗಿ ಅಲುಗುವುದಿಲ್ಲ. ನಮ್ಮ ಪ್ಲಾಂಟರುಗಳು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರಲ್ಲ, ವರ್ಷದ ಕೊನೆಗೆ 120 ಇಂಚು ಎಂದು ಕೂಡಿ ಬಂದರೂ ಮಾರ್ಚಿನಲ್ಲಿ ಬರಬೇಕಿದ್ದ ಹೂಮಳೆ ಕೈಕೊಟ್ಟಿದ್ದರೆ ಆ ಮೊತ್ತದಿಂದ ರೊಬಸ್ಟಾ ಕಾಫಿ ಗಿಡಕ್ಕೆ ಏನು ಬಂತು? ಇಲ್ಲಿಯೂ ಹಾಗೆಯೇ. ಸರಾಸರಿ 80 ಇದ್ದು ನಡುನಡುವೆ ಮುಗ್ಗರಿಸುವ ಆಟಕ್ಕಿಂತ, 60ರಲ್ಲೇ ಒಂದೇ ಸಮನೆ ಓಡುವ ಆಟ ಕಣ್ಣಿಗೆ ಹಿತ.

ಹಾಗಾಗಿ ನೋಡಬೇಕಾದದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಫ್ರೇಮಿಗೆ ಹಿಡಿದ ಕಾಲವನ್ನು ತೋರಿಸುವ ಗೆರೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಇದನ್ನು ಆಟದ ಮೇಲೆಯೇ ತೋರಿಸುತ್ತದೆ. ಬೇರೆ ಕಂಪನಿಯ ಕಾರ್ಡ್ ಇದ್ದರೂ ಕೆಲಸ ಮಾಡುತ್ತದೆ. ಅದರಲ್ಲಿ ಪ್ರೊಸೆಸರ್ ಮತ್ತು ಕಾರ್ಡಿನ ಉಷ್ಣಾಂಶ, ಅವುಗಳ ವೇಗ, ಬಳಕೆಯ ಶೇಕಡಾವಾರು, ಫ್ರೇಮ್ ಟೈಮ್ ಇಷ್ಟನ್ನು ಆರಿಸಿಕೊಳ್ಳಿ. ನಿಮಗೆ ತೊಂದರೆ ಕೊಡುವ ಜಾಗದಲ್ಲೇ ಅರ್ಧ ಗಂಟೆ ಆಡಿ. ಗೆರೆ ಕೆಳಗೇ ಇದ್ದು ಮಟ್ಟಸವಾಗಿದ್ದರೆ ಯಂತ್ರ ಸರಿಯಾಗಿದೆ. ಅಲ್ಲಲ್ಲಿ ಮುಳ್ಳಿನ ಹಾಗೆ ಮೇಲೆದ್ದರೆ, ಆ ಕ್ಷಣದಲ್ಲಿ ಉಳಿದ ಸಂಖ್ಯೆಗಳು ಏನು ಹೇಳುತ್ತವೆ ಎಂದು ನೋಡಬೇಕು.

ಕಾರ್ಡಿನ ಬಳಕೆ 97, 98ರ ಆಸುಪಾಸಿನಲ್ಲೇ ಇದ್ದರೆ ಅದು ತನ್ನ ಕೈಲಾದಷ್ಟು ದುಡಿಯುತ್ತಿದೆ ಎಂದರ್ಥ. ನೆರಳು, ಪ್ರತಿಫಲನ, ರೆಸೊಲ್ಯೂಷನ್ ಇವನ್ನು ಒಂದು ಮೆಟ್ಟಿಲು ಇಳಿಸಿದರೆ ಹಗುರವಾಗುತ್ತದೆ. ಕಾರ್ಡ್ 60ರಲ್ಲಿ ಆರಾಮವಾಗಿದ್ದೂ ಆಟ ಕುಂಟಿದರೆ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ, ಅದು ಪ್ರೊಸೆಸರಿಗೋ ಮೆಮೊರಿಗೋ ಕಾಯುತ್ತಾ ಕುಳಿತಿದೆ. ಪ್ರೊಸೆಸರಿನ ಒಟ್ಟು ಬಳಕೆ 30 ಎಂದು ಕಂಡರೂ ನಂಬಬೇಡಿ. ಅದರೊಳಗಿನ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳಲ್ಲಿ ಒಂದು ಪೂರ್ತಿ ತುಂಬಿ, ಉಳಿದವು ಸುಮ್ಮನಿದ್ದರೂ ಒಟ್ಟು ಲೆಕ್ಕ ಸಣ್ಣದಾಗಿಯೇ ತೋರುತ್ತದೆ.

ಉಷ್ಣಾಂಶದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮಲ್ಲಿ ಒಂದು ಗಟ್ಟಿ ನಂಬಿಕೆ ಇದೆ: ಮಡಿಕೇರಿಯ ಚಳಿಯಲ್ಲಿ ಕಂಪ್ಯೂಟರ್ ಬಿಸಿಯಾಗುವುದೆಲ್ಲಿಂದ ಬಂತು? ಹೊರಗಿನ ಗಾಳಿ ತಂಪಾಗಿದ್ದರೆ ಸಾಲದು, ಅದು ಒಳಗೆ ಹೋಗಬೇಕು. ಜನವರಿ, ಫೆಬ್ರವರಿಯಲ್ಲಿ ಕಾಫಿ ಕೊಯ್ಲು ನಡೆದು, ಕಣದಲ್ಲಿ ಒಣಗಲು ಹಾಕಿದ್ದನ್ನು ಕೈಯಾಡಿಸುವಾಗ ಏಳುವ ಧೂಳು ಕಿಟಕಿಯಿಂದ ಬರುತ್ತದೆ. ಸೌದೆ ಒಲೆಯ ಹೊಗೆ, ಊದುಬತ್ತಿಯ ಬೂದಿ ಇದ್ದದ್ದೇ. ಜೂನಿನ ತೇವ ಇವನ್ನೆಲ್ಲ ಅಂಟಿಸಿಬಿಡುತ್ತದೆ. ಪ್ರೊಸೆಸರಿನ ಮೇಲಿನ ಫ್ಯಾನ್ ಬಿಚ್ಚಿದರೆ ಅದರ ಕೆಳಗೆ, ಲೋಹದ ರೆಕ್ಕೆಗಳ ಸಾಲಿನ ಮೇಲೆ, ಬೂದು ಬಣ್ಣದ ಮಂದವಾದ ಪದರವೊಂದು ಕೂತಿರುತ್ತದೆ. ಉಗುರಿನಿಂದ ಒಂದು ಅಂಚು ಎತ್ತಿದರೆ ಇಡಿಯಾಗಿ ಎದ್ದು ಬರುತ್ತದೆ. ಒಂದು ಮನೆಯ ಕಂಪ್ಯೂಟರ್ ಕ್ಯಾಬಿನೆಟ್ಟಿನಲ್ಲಿ ಆ ಪದರದ ನಡುವೆ ಒಣಗಿದ ಚೆಂಡುಹೂವಿನ ಎಸಳುಗಳಿದ್ದವು. ಆಯುಧಪೂಜೆಯಂದು ಮುಡಿಸಿದ ಹೂವನ್ನು ಮುಂದಿನ ಫ್ಯಾನ್ ಒಳಗೆಳೆದುಕೊಂಡಿತ್ತು. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಹೂವನ್ನು ಗಾಳಿಕಿಂಡಿಯಿಂದ ದೂರ ಇಡಿ, ಕುಂಕುಮದ ಪುಡಿಯನ್ನೂ.

ಬಿಸಿಯ ಲಕ್ಷಣ ಹೀಗಿರುತ್ತದೆ. ಮೊದಲ ಹತ್ತು, ಹದಿನೈದು ನಿಮಿಷ ಆಟ ಚೆನ್ನಾಗಿ ಓಡುತ್ತದೆ, ಆಮೇಲೆ ಹದಗೆಡುತ್ತದೆ. ಆಧುನಿಕ ಪ್ರೊಸೆಸರ್‌ಗಳಲ್ಲಿ ಅನೇಕವು 95ರಿಂದ 100 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತಮ್ಮನ್ನು ಉಳಿಸಿಕೊಳ್ಳಲು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಪರದೆಯಲ್ಲಿ ಉಷ್ಣಾಂಶ ಏರಿ ನಿಂತ ಹೊತ್ತಿಗೇ ವೇಗ ತೋರಿಸುವ ಮೆಗಾಹರ್ಟ್ಸ್ ಸಂಖ್ಯೆ ಕುಸಿದರೆ ಅನುಮಾನ ಬೇಡ. ಶುಚಿ ಮಾಡುವಾಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟನ್ನು ಜಗಲಿಗೆ ತಂದು, ಪಕ್ಕದ ಬಾಗಿಲು ಬಿಚ್ಚಿ, ಮೆತ್ತನೆಯ ಬ್ರಷ್ ಮತ್ತು ಬ್ಲೋವರ್ ಬಳಸಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರ್ರನೆ ತಿರುಗಿದರೆ ಬೇರಿಂಗ್ ಕೆಡಬಹುದು. ಲೋಹದ ರೆಕ್ಕೆಗಳ ಆ ಹೀಟ್‌ಸಿಂಕ್ ಎತ್ತಿದ್ದರೆ ಅದರ ಕೆಳಗಿನ, ಬಿಸಿ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಒರೆಸಿ, ಒಂದು ಕಾಳುಮೆಣಸಿನ ಗಾತ್ರದಷ್ಟು ಹೊಸದನ್ನು ಹಾಕಿ. ಲ್ಯಾಪ್‌ಟಾಪ್ ಆದರೆ ಚಳಿಗೆ ಹೊದ್ದ ಕಂಬಳಿಯ ಮೇಲಿಟ್ಟು ಆಡಬೇಡಿ, ಅದರ ಮೂಗಿರುವುದು ಹೊಟ್ಟೆಯ ಕೆಳಗೆ. ಮಳೆಗಾಲದ ತೇವಕ್ಕೆಂದು ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಹೊದಿಸುವವರು ಚಾಲೂ ಮಾಡುವ ಮೊದಲು ಅದನ್ನು ಪೂರ್ತಿ ತೆಗೆಯಬೇಕು. ಮುಂಭಾಗ ಮಾತ್ರ ಸರಿಸಿ ಆಡುವವರೂ ಇದ್ದಾರೆ.

ಇನ್ನು ಮೆಮೊರಿ, ಅಂದರೆ ರಾಮ್. 16 ಜಿಬಿಯ ಒಂದೇ ರಾಮ್ ಪಟ್ಟಿ ಇರುವುದಕ್ಕಿಂತ 8 ಜಿಬಿಯ ಎರಡು ಇದ್ದರೆ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಹರಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ನಾಲ್ಕು ಕಿಂಡಿಗಳ ಮದರ್‌ಬೋರ್ಡುಗಳಲ್ಲಿ ಬಹುಪಾಲು ಕಡೆ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ ಹಾಕಬೇಕು, ಅಕ್ಕಪಕ್ಕದಲ್ಲಿ ಅಲ್ಲ. ಇನ್ನೊಂದು ವಿಷಯ, 3200 ಎಂದು ಬರೆದಿರುವ ಡಿಡಿಆರ್ 4 ಬಗೆಯ ರಾಮ್ ಪಟ್ಟಿ ತಾನಾಗಿ ಆ ವೇಗದಲ್ಲಿ ಓಡಬೇಕೆಂದೇನೂ ಇಲ್ಲ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ಎಕ್ಸ್‌ಎಂಪಿ ಎಂಬುದನ್ನು ಚಾಲೂ ಮಾಡುವವರೆಗೆ ಅನೇಕವು 2133 ಅಥವಾ 2400ರಲ್ಲೇ ಇರುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿದರೆ ಈಗಿನ ವೇಗ ಅಲ್ಲೇ ಇದೆ.

ನಗು ಬರಿಸುವ ಕಾರಣಗಳೂ ಉಂಟು. ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕದೆ ಮೇಲಿನ ಮದರ್‌ಬೋರ್ಡ್ ಕಿಂಡಿಗೆ ಹಾಕಿರುವುದು ಒಂದು. 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸಬಲ್ಲ ಮಾನಿಟರನ್ನು ವಿಂಡೋಸಿನಲ್ಲಿ 60ಕ್ಕೇ ಬಿಟ್ಟಿರುವುದು ಇನ್ನೊಂದು. ಡಿಸ್‌ಪ್ಲೇ ಸೆಟ್ಟಿಂಗ್ಸ್ ಒಳಗಿನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ಅದನ್ನು ಬದಲಿಸಬಹುದು.

ಎಲ್ಲ ಮುಗ್ಗರಿಕೆಯೂ ದೋಷವಲ್ಲ. ಹೊಸ ಆಟದಲ್ಲಿ ಮೊದಲ ಬಾರಿ ಸ್ಫೋಟ ನಡೆದಾಗ ಚಿತ್ರ ನಿಂತು, ಎರಡನೆಯ ಬಾರಿ ನಿಲ್ಲದಿದ್ದರೆ, ಆಟ ಆ ದೃಶ್ಯದ ಬೆಳಕು, ಬಣ್ಣ ಲೆಕ್ಕ ಹಾಕುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಆಗಷ್ಟೇ ಸಿದ್ಧಪಡಿಸಿಕೊಂಡಿದೆ. ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ನವೀಕರಿಸಿದ ಮೇಲೆ ಇದು ಮರುಕಳಿಸುತ್ತದೆ. ಶೇಡರ್ ಸಿದ್ಧವಾಗುತ್ತಿದೆ ಎಂದು ಆರಂಭದಲ್ಲಿ ತೋರಿಸುವ ಆಟಗಳಿವೆ, ಅದು ಮುಗಿಯುವವರೆಗೆ ಕಾಯಿರಿ. ಹೊಸ ಜಾಗಕ್ಕೆ ಹೋದಾಗಲೆಲ್ಲ ತಡೆದರೆ ಆಟ ಹಳೆಯ ಹಾರ್ಡ್ ಡಿಸ್ಕಿನಲ್ಲಿದೆಯೇ ನೋಡಿ, ಎಸ್‌ಎಸ್‌ಡಿಗೆ ಸಾಗಿಸಿ. ತಟ್ಟನೆ ಹಿಂದಿರುಗಿ ನೋಡಿದಾಗ ತಡೆದರೆ ಕಾರ್ಡಿನ ಸ್ವಂತ ಮೆಮೊರಿ ತುಂಬಿರಬಹುದು. 4 ಜಿಬಿ ಕಾರ್ಡಿನಲ್ಲಿ ಇದು ಸಾಮಾನ್ಯ, ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ ಗುಣಮಟ್ಟವೊಂದನ್ನೇ ಇಳಿಸಿದರೂ ಸಾಕಾಗುತ್ತದೆ. ಇನ್ನು 60 ಹರ್ಟ್ಸ್ ಪರದೆಯಲ್ಲಿ ಸೆಕೆಂಡಿಗೆ 45 ಫ್ರೇಮ್ ಎಂದು ಮಿತಿ ಹಾಕುವುದರಲ್ಲಿ ಅರ್ಥವಿಲ್ಲ. ಕೆಲವು ಫ್ರೇಮ್ ಒಂದು ಸುತ್ತು, ಕೆಲವು ಎರಡು ಸುತ್ತು ನಿಂತು, ಚಲನೆ ಒರಟಾಗುತ್ತದೆ. 60 ಹಿಡಿಯಲಾಗದಿದ್ದರೆ 30. ಫ್ರೇಮ್ ಬಂದಂತೆ ಪರದೆಯ ವೇಗವನ್ನು ಹೊಂದಿಸಿಕೊಳ್ಳುವ ಫ್ರೀಸಿಂಕ್ ಅಥವಾ ಜಿಸಿಂಕ್ ಇರುವ ಮಾನಿಟರಿಗೆ ಈ ಮಾತು ಅನ್ವಯಿಸುವುದಿಲ್ಲ.

ಆಟದ ವೇಗ ಹೆಚ್ಚಿಸುತ್ತೇವೆ ಎಂದು ಹೇಳಿಕೊಂಡು ಬರುವ ಬೂಸ್ಟರ್ ತಂತ್ರಾಂಶಗಳನ್ನು ಹಾಕಿಕೊಳ್ಳಬೇಡಿ. ಅವು ಮಾಡುವ ಉಪಯುಕ್ತ ಕೆಲಸವನ್ನು, ಅಂದರೆ ಹಿನ್ನೆಲೆಯಲ್ಲಿ ಓಡುವ ಬ್ರೌಸರ್, ವಿಡಿಯೋ ರೆಕಾರ್ಡಿಂಗ್ ಮುಂತಾದವನ್ನು ಮುಚ್ಚುವುದನ್ನು, ನೀವೇ ಮಾಡಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಅದೇ ಜಾಗದಲ್ಲಿ ಮತ್ತೆ ಆಡಿ, ಗೆರೆ ನೋಡಿ. ಐದನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ತಂಪಾಗಿದ್ದು, ಕಾರ್ಡಿನ ಬಳಕೆ 98ರಲ್ಲೇ ನಿಂತು, ಸೆಟ್ಟಿಂಗ್ ಇಳಿಸಿದರೂ ಆಟ ನಿಧಾನವಿದ್ದರೆ ಕಾರ್ಡ್ ನಿಜಕ್ಕೂ ಹಳೆಯದಾಗಿದೆ. ಆಗ ಹುಡುಗರು ಕಾಫಿಗೆ ಒಳ್ಳೆಯ ಬೆಲೆ ಬಂದ ದಿನ ನೋಡಿ ಅಪ್ಪನ ಮುಂದೆ ಅರ್ಜಿ ಇಡಬಹುದು. ಅದಕ್ಕೆ ಮೊದಲು ಎಸ್‌ಎಂಪಿಎಸ್ ಎಷ್ಟು ವ್ಯಾಟಿನದು, ಹೊಸ ಕಾರ್ಡಿಗೆ ಎಷ್ಟು ಬೇಕು, ಕ್ಯಾಬಿನೆಟ್ಟಿನೊಳಗೆ ಅದರ ಉದ್ದಕ್ಕೆ ಜಾಗವಿದೆಯೇ ಎಂಬುದನ್ನು ಟೇಪ್ ಹಿಡಿದು ಅಳೆದು ಬರೆದುಕೊಳ್ಳಿ. ನಮಸ್ಕಾರ.