ಕರಿಕಲ್ಲು, ಸುಣ್ಣದಕಲ್ಲು ಮತ್ತು ಜುರಾಸಿಕ್ ಕಾಲ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದೇನೆ. ಕರಿದು ಬೆಳಗಾವಿ ಕಡೆಯ ಬಸಾಲ್ಟ್, ಜ್ವಾಲಾಮುಖಿಯಿಂದ ಬಂದದ್ದು. ಬೂದು ಚಪ್ಪಡಿ ಶಹಾಬಾದ್ ಕಲ್ಲು, ಕಡಲ ತಳದಲ್ಲಿ ಕೂತ ಸುಣ್ಣದಕಲ್ಲು. ನಿಮ್ಮಲ್ಲಿ ಎಷ್ಟೋ ಜನ ಇದರ ಮೇಲೆ ಕೂತೇ ಊಟ ಮಾಡಿ ಬೆಳೆದಿರುತ್ತೀರಿ. ಇವತ್ತಿನ ವಿಷಯ ಜುರಾಸಿಕ್ ಕಾಲ, ಅಂದರೆ ಸುಮಾರು 20 ಕೋಟಿಯಿಂದ 14.5 ಕೋಟಿ ವರ್ಷಗಳ ಹಿಂದಿನದು. ತಮಾಷೆ ಏನೆಂದರೆ ಇವೆರಡೂ ಆ ಕಾಲದ್ದಲ್ಲ. ಬಸಾಲ್ಟ್‌ಗೆ 6.6 ಕೋಟಿ ವರ್ಷ. ಶಹಾಬಾದ್ ಕಲ್ಲು ಜುರಾಸಿಕ್‌ಗಿಂತ ಎಷ್ಟೋ ಹಳೆಯದು. ಅದರಲ್ಲಿ ಚಿಪ್ಪು ಹುಡುಕಿದರೆ ಸಿಗುವುದಿಲ್ಲ. ಬೇಕೆಂದೇ ತಂದೆ: ಬಣ್ಣ ನೋಡಿ ಕಲ್ಲಿನ ವಯಸ್ಸು ಹೇಳಬಾರದು.

ನಿಜವಾದ ಜುರಾಸಿಕ್ ಕರಿಕಲ್ಲು ಬೇಕಾದರೆ ಆಫ್ರಿಕಾದ ಲೆಸೊಥೊಗೆ ಹೋಗಬೇಕು. ಅಲ್ಲಿ ಲಾವಾ ಪದರದ ಮೇಲೆ ಪದರ ಬಿದ್ದು ಒಂದು ಕಿಲೋಮೀಟರಿಗೂ ಹೆಚ್ಚು ದಪ್ಪವಾಗಿದೆ. ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರಿನ ನೆತ್ತಿಯ ಮೇಲಿರುವ ವೆಲ್ಲಿಂಗ್ಟನ್ ಬೆಟ್ಟದಲ್ಲಿ ಅದೇ ವಯಸ್ಸಿನ ಡಾಲರೈಟ್ (ನೆಲದೊಳಗೇ ತಣ್ಣಗಾದ, ಬಸಾಲ್ಟ್‌ನಂಥದೇ ಕರಿಕಲ್ಲು) ಕಂಬಗಳಂತೆ ನಿಂತಿದೆ. ಅಂಟಾರ್ಕ್ಟಿಕಾದ ಪರ್ವತಗಳಲ್ಲೂ ಅದೇ. ಮೂರೂ ಕಡೆ ವಯಸ್ಸು ಸುಮಾರು 18.3 ಕೋಟಿ ವರ್ಷ. ಆಗ ಇವೆಲ್ಲ ಗೊಂಡ್ವಾನಾ ಎಂಬ ಒಂದೇ ಭೂಭಾಗ. ರಾಸಾಯನಿಕವಾಗಿ ನೋಡಿದರೆ ಅಂಟಾರ್ಕ್ಟಿಕಾ, ಟಾಸ್ಮೇನಿಯಾದವು ಒಡಹುಟ್ಟಿದವು, ಲೆಸೊಥೊದ್ದು ದಾಯಾದಿ. ಟಾಸ್ಮೇನಿಯಾದ ಶಿಲಾರಸ ಬಹುಪಾಲು ಹೊರಗೆ ಉಕ್ಕಲೇ ಇಲ್ಲ. ಕಣಕದ ನಡುವೆ ಹೂರಣ ಹರಡಿದ ಹಾಗೆ ಹಳೆಯ ಪದರಗಳ ಮಧ್ಯೆ ನುಗ್ಗಿ ತಣ್ಣಗಾಯಿತು.

ರಾಸಾಯನಿಕವಾಗಿ ನೋಡಿ ನೆಂಟಸ್ತನ ಹೇಳುವ ಈ ಉಪಾಯ ಸುಣ್ಣದಕಲ್ಲಿಗೆ ನಡೆಯುವುದಿಲ್ಲ. ಜೈಸಲ್ಮೇರ್ ಕೋಟೆಯ ಹಳದಿ ಕಲ್ಲು, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿದ ಪೋರ್ಟ್‌ಲೆಂಡ್ ಕಲ್ಲು, ಸ್ವಿಟ್ಜರ್‌ಲೆಂಡ್–ಫ್ರಾನ್ಸ್ ಗಡಿಯ ಜುರಾ ಬೆಟ್ಟ (1795ರಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ಈ ಬೆಟ್ಟದ ಹೆಸರನ್ನೇ ಕಲ್ಲಿಗೆ ಇಟ್ಟ, ಅದೇ ಮುಂದೆ ಕಾಲದ ಹೆಸರೂ ಆಯಿತು) ಎಲ್ಲ ಜುರಾಸಿಕ್‌ನವೇ, ಎಲ್ಲ ಬಹುಮಟ್ಟಿಗೆ ಒಂದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹಾಗಾಗಿ ಒಳಗಿರುವುದನ್ನು ನೋಡಬೇಕು. ಗುಜರಾತಿನ ಕಛ್‌ನ ಧೋಸಾ ಊಲೈಟ್ ಎಂಬ ಕಾಳುಕಾಳಾದ ಸುಣ್ಣದಕಲ್ಲಿನ ಚೂರನ್ನು ಭೂತಗನ್ನಡಿಯಲ್ಲಿ ನೋಡಿದರೆ ರಾಗಿಕಾಳು ಒತ್ತೊತ್ತಾಗಿ ಅಂಟಿಸಿದಂತೆ ಕಾಣುತ್ತದೆ. ಒಂದು ಕಾಳು ಸೀಳಿದರೆ ನಡುವೆ ಮರಳಿನ ಕಣವೋ ಚಿಪ್ಪಿನ ಚೂರೋ, ಸುತ್ತ ಈರುಳ್ಳಿಯಂತೆ ಸಿಪ್ಪೆ. ಆದರೆ ಇದು ಕಡಲು ಹೇಗಿತ್ತೆಂದು ಹೇಳುತ್ತದೆಯೇ ಹೊರತು ಯಾವಾಗಿನದೆಂದು ಹೇಳುವುದಿಲ್ಲ. ಕಾಲ ಹೇಳುವುದು ಅದೇ ಕಲ್ಲಿನಲ್ಲಿರುವ ಅಮೊನೈಟ್ ಎಂಬ ಸುರುಳಿ ಚಿಪ್ಪು. ಅದರ ಜಾತಿಗಳು ಬೇಗ ಬೇಗ ಬದಲಾದವು, ಕಡಲುಗಳಲ್ಲಿ ದೂರ ದೂರ ಹರಡಿದವು. ಕಛ್‌ನ ಪದರವನ್ನು ಯುರೋಪಿನ ಪದರದ ಪಕ್ಕ ಇಟ್ಟು ಹೊಂದಿಸಲು ಆಗುವುದು ಅದರಿಂದಲೇ. ಅಮೊನೈಟ್ ಗೊತ್ತಿಲ್ಲ ಎನ್ನಬೇಡಿ. ದೇವರ ಪೆಟ್ಟಿಗೆಯಲ್ಲಿ ಗಂಡಕಿಯ ಸಾಲಿಗ್ರಾಮ ಇದ್ದವರು ದಿನಾ ಅದಕ್ಕೆ ಅಭಿಷೇಕ ಮಾಡುತ್ತಾರೆ. ಅದರ ಚಕ್ರ ಈ ಚಿಪ್ಪಿನ ಅಚ್ಚು. ಅದು ಸುಣ್ಣದಕಲ್ಲಲ್ಲ, ಹೆಚ್ಚಾಗಿ ಜುರಾಸಿಕ್ ಕಾಲದ್ದೇ ಆದ ಕರಿ ಜೇಡುಕಲ್ಲು.

ಈಗ ನನಗೆ ತುಂಬ ಇಷ್ಟವಾದ ಭಾಗ. ಲೆಸೊಥೊದ ಲಾವಾ ಮೊರಾಕ್ಕೊ ಮುಟ್ಟಲಿಲ್ಲ. ಆದರೂ ಮೊರಾಕ್ಕೊದ ಹೈ ಅಟ್ಲಾಸ್ ಬೆಟ್ಟಗಳಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸುಣ್ಣದಕಲ್ಲು ಇದ್ದಕ್ಕಿದ್ದಂತೆ ನಿಂತು ಜೇಡು ಶುರುವಾಗುತ್ತದೆ. ಕಾರಣ ಹೀಗೆ: ದಕ್ಷಿಣ ಆಫ್ರಿಕಾದಲ್ಲಿ ಅದೇ ಶಿಲಾರಸ ನುಗ್ಗಿದ ಪದರಗಳಲ್ಲಿ ಇಂಗಾಲ ತುಂಬಿತ್ತು. ಅದು ಬೆಂದು ಅನಿಲ ಮೇಲೆದ್ದಿತು, ಭೂಮಿ ಬಿಸಿಯೇರಿತು, ಎಷ್ಟೋ ಕಡೆ ಕಡಲ ತಳದಲ್ಲಿ ಆಮ್ಲಜನಕ ತೀರಿತು. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಆ ಕಾಲದ ಕೆಸರು ಕರಿ ಜೇಡುಕಲ್ಲಾಗಿದೆ. ತಳದಲ್ಲಿ ಹೆಣ ತಿನ್ನುವ ಪ್ರಾಣಿಗಳು ಕಡಿಮೆಯಿದ್ದದ್ದರಿಂದ ಇಕ್ತಿಯೋಸಾರ್ ಎಂಬ ಮೀನಿನಾಕಾರದ ಕಡಲ ಸರೀಸೃಪಗಳ ಚರ್ಮದ ಅಂಚು ಕೂಡ ಉಳಿದಿದೆ. ಒಂದು ಖಂಡದ ಕರಿಕಲ್ಲಿಗೆ ಇನ್ನೊಂದು ಖಂಡದ ಕಡಲು ಸಾಕ್ಷಿ.

ಇಲ್ಲಿ ಲಿಂಬೆಹಣ್ಣು ಇದೆ, ಬನ್ನಿ. ಶಹಾಬಾದ್ ಕಲ್ಲನ್ನು ಸ್ವಲ್ಪ ಕೆರೆದು ಆ ಪುಡಿಯ ಮೇಲೆ ಹಿಂಡಿ, ಸಣ್ಣಗೆ ಗುಳ್ಳೆ ಏಳುತ್ತದೆ. ಬಸಾಲ್ಟ್ ಸುಮ್ಮನಿರುತ್ತದೆ. ಅದರ ಬಿಳಿ ಚುಕ್ಕೆಯನ್ನು ಕೆರೆದರೆ ಅಲ್ಲೂ ಗುಳ್ಳೆ ಬಂದೀತು. ಲಾವಾದ ಗುಳಿಗಳಲ್ಲಿ ಆಮೇಲೆ ನೀರು ಬಿಟ್ಟುಹೋದ ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳು ಅದು, ಮೋಸಹೋಗಬೇಡಿ.