ಮೂರು ಅಂಕಪಟ್ಟಿ, ಒಬ್ಬ ಮಾರ್ಕೆಸ್

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋ ಬಾಕ್ಸಿಂಗ್ ಅಂದ ತಕ್ಷಣ ಹಳಬರು ಹೂಲಿಯೊ ಸೀಸರ್ ಚಾವೆಸ್ ಹೆಸರು ಹೇಳುತ್ತಾರೆ. ಈಗಿನ ಹುಡುಗರು ಕನೆಲೊ ಅಲ್ವಾರೆಸ್ ಅನ್ನುತ್ತಾರೆ. ನಾನು ಇಬ್ಬರನ್ನೂ ಬಿಟ್ಟು ಹುವಾನ್ ಮಾನ್ವೆಲ್ ಮಾರ್ಕೆಸ್ ಬಗ್ಗೆ ಮಾತಾಡುತ್ತೇನೆ. ಬಾಕ್ಸಿಂಗ್‌ನಲ್ಲಿ ಗೆಲುವು ಎಷ್ಟು ಮುಷ್ಟಿಯದ್ದು, ಎಷ್ಟು ಕಾಗದದ್ದು ಅನ್ನುವ ಪ್ರಶ್ನೆ ಇವನನ್ನು ಕಾಡಿದಷ್ಟು ಬೇರೆಯವರನ್ನು ಕಾಡಿದ್ದು ಕಡಿಮೆ.

ಮೊದಲು ಲೆಕ್ಕ ಹೇಗೆ ಹಾಕುತ್ತಾರೆ ನೋಡೋಣ. ದೊಡ್ಡ ಪಂದ್ಯ ಅಂದರೆ 12 ರೌಂಡ್, ಒಂದೊಂದು ಮೂರು ನಿಮಿಷ. ರಿಂಗಿನ ಸುತ್ತ ಮೂವರು ತೀರ್ಪುಗಾರರು ಬೇರೆ ಬೇರೆ ಕಡೆ ಕೂತಿರುತ್ತಾರೆ. ರೌಂಡ್ ಗೆದ್ದವನಿಗೆ 10 ಅಂಕ, ಸೋತವನಿಗೆ 9. ಒಮ್ಮೆ ಕೆಳಗೆ ಬಿದ್ದರೆ 8, ಎರಡು ಸಲ ಬಿದ್ದರೆ 7. ಒಂದೇ ಉತ್ತರಪತ್ರಿಕೆಯನ್ನು ಮೂವರು ಮೇಷ್ಟ್ರು ತಿದ್ದಿದ ಹಾಗೆ. ಒಬ್ಬರಿಗೆ ಹೊಡೆತದ ಸಂಖ್ಯೆ ಮುಖ್ಯ, ಇನ್ನೊಬ್ಬರಿಗೆ ಹೊಡೆತದ ತೂಕ. ಮೂವರೂ ಪ್ರಾಮಾಣಿಕರೇ ಆಗಿದ್ದರೂ ಮೂರು ಬೇರೆ ಉತ್ತರ ಬರಬಹುದು.

ಮಾರ್ಕೆಸ್ ಹುಟ್ಟಿದ್ದು 1973ರಲ್ಲಿ, ಮೆಕ್ಸಿಕೋ ಸಿಟಿಯಲ್ಲಿ. ಬೆಳೆದದ್ದು ಇಸ್ತಾಪಲಾಪಾ ಎಂಬ ಜನ ಕಿಕ್ಕಿರಿದ, ಬಡವರೇ ಜಾಸ್ತಿ ಇರುವ ಭಾಗದಲ್ಲಿ. ತಮ್ಮ ರಫಾಯೆಲ್ ಕೂಡ ಮುಂದೆ ವಿಶ್ವ ಚಾಂಪಿಯನ್ ಆದ. ಅಣ್ಣ ಓದಿದ್ದು ಅಕೌಂಟ್ಸ್. ಬಾಕ್ಸಿಂಗ್‌ನ ಶುರುವಿನ ವರ್ಷಗಳಲ್ಲಿ ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸವನ್ನೂ ಮಾಡುತ್ತಿದ್ದ. ಅವನ ಗುರು ನಾಚೊ ಬೆರಿಸ್ತಾಯಿನ್. ರಿಕಾರ್ಡೊ ಲೋಪೆಸ್, ಡೇನಿಯಲ್ ಸರಗೋಸಾ ಅಂಥವರನ್ನು ತಯಾರು ಮಾಡಿದ ದೊಡ್ಡ ಮನುಷ್ಯ. ಅವರ ರೊಮಾನ್ಸಾ ಜಿಮ್‌ನಲ್ಲಿ ಕಲಿಸುತ್ತಿದ್ದದ್ದು ಹೊಡೆದಾಟವನ್ನಲ್ಲ, ಕಾಯುವುದನ್ನು. ಎದುರಾಳಿ ಮೊದಲು ಕೈ ಬೀಸಲಿ. ಆ ಕ್ಷಣದಲ್ಲಿ ಅವನ ಮುಖ ಬಯಲಾಗುತ್ತದೆ. ಆಗ ನೀನು ಹೊಡಿ.

ಮೆಕ್ಸಿಕೋದ ಪ್ರೇಕ್ಷಕರಿಗೆ ಇದು ಅಷ್ಟಾಗಿ ರುಚಿಸುತ್ತಿರಲಿಲ್ಲ. ಅವರಿಗೆ ಬೇಕಾದದ್ದು ಎದೆಗೆ ಎದೆ ಕೊಟ್ಟು ಬಡಿದಾಡುವವರು. ಹಾಗಾಗಿ ಎರಿಕ್ ಮೊರಾಲೆಸ್, ಮಾರ್ಕೊ ಆಂಟೊನಿಯೊ ಬರೇರಾ ಮನೆಮಾತಾದರು, ಮಾರ್ಕೆಸ್ ಹಿಂದೆಯೇ ಉಳಿದ. 1993ರ ಮೊದಲ ವೃತ್ತಿಪರ ಪಂದ್ಯದಲ್ಲೇ ಅನರ್ಹಗೊಂಡು ಸೋತಿದ್ದ. ಆಮೇಲೆ ಸಾಲಾಗಿ ಗೆದ್ದ. 1999ರಲ್ಲಿ ಮೊದಲ ವಿಶ್ವ ಪ್ರಶಸ್ತಿ ಪಂದ್ಯ ಸಿಕ್ಕಿತು, ಫ್ರೆಡ್ಡಿ ನಾರ್ವುಡ್ ಎದುರು ಅಂಕಗಳಲ್ಲಿ ಸೋತ. ಬ್ರಿಟನ್ನಿನ ನಸೀಮ್ ಹಮೀದ್‌ಗೆ ಅಧಿಕೃತ ಸವಾಲುಗಾರನಾಗಿ ವರ್ಷಗಟ್ಟಲೆ ಕಾದರೂ ಆ ಪಂದ್ಯ ನಡೆಯಲೇ ಇಲ್ಲ. ಪಟ್ಟ ಸಿಕ್ಕಿದ್ದು 2003ರಲ್ಲಿ. ಅಷ್ಟೊತ್ತಿಗೆ ವಯಸ್ಸು 29.

ಈಗ ಮುಖ್ಯ ಕಥೆಗೆ ಬರುತ್ತೇನೆ. 2004ರ ಮೇ 8, ಲಾಸ್ ವೇಗಾಸ್. ಎದುರಿಗೆ ಫಿಲಿಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ. ಎಡಗೈಯವನು, ಮಿಂಚಿನ ವೇಗ. ಮೊದಲ ರೌಂಡಿನಲ್ಲೇ ಆ ಎಡಗೈ ಮಾರ್ಕೆಸ್‌ನನ್ನು ಮೂರು ಸಲ ನೆಲಕ್ಕೆ ಕೆಡವಿತು. ಮೂರನೇ ಸಲ ಎದ್ದು ನಿಂತಾಗ ಮೂಗಿನಿಂದ ರಕ್ತ ಸುರಿಯುತ್ತಿತ್ತು. ರೆಫ್ರಿ ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಮುಂದಿನ 11 ರೌಂಡುಗಳಲ್ಲಿ ಅವನು ಆ ಎಡಗೈಯನ್ನು ಓದಿಕೊಂಡ. ಅದು ಯಾವಾಗ ಹೊರಡುತ್ತದೆ, ಹೊರಟಾಗ ಕಾಲು ಎಲ್ಲಿರುತ್ತದೆ ಅಂತ ಗೊತ್ತುಮಾಡಿಕೊಂಡ. ಅರ್ಧ ಹೆಜ್ಜೆ ಹಿಂದೆ ಸರಿದು ಬಲಗೈಯಿಂದ ತಿರುಗಿ ಕೊಡತೊಡಗಿದ. ಇಡೀ ವೃತ್ತಿಜೀವನದಲ್ಲಿ ಅವನ ಬುದ್ಧಿ ನನಗೆ ಅತಿ ದೊಡ್ಡದಾಗಿ ಕಂಡದ್ದು ಈ 11 ರೌಂಡುಗಳಲ್ಲೇ.

ಪಂದ್ಯ ಡ್ರಾ ಆಯಿತು. ಒಬ್ಬ ತೀರ್ಪುಗಾರ 115-110 ಪ್ಯಾಕಿಯಾವೊಗೆ, ಇನ್ನೊಬ್ಬ ಅದೇ 115-110 ಮಾರ್ಕೆಸ್‌ಗೆ, ಮೂರನೆಯವರಾದ ಬರ್ಟ್ ಕ್ಲೆಮೆಂಟ್ಸ್ 113-113. ಇಲ್ಲೊಂದು ಎಡವಟ್ಟು ಆಗಿತ್ತು. ಮೂರು ಸಲ ಬಿದ್ದ ಆ ರೌಂಡಿಗೆ ಉಳಿದಿಬ್ಬರು 10-6 ಕೊಟ್ಟಿದ್ದರು. ಕ್ಲೆಮೆಂಟ್ಸ್ ಮಾತ್ರ 10-7 ಬರೆದಿದ್ದರು. ಅದು ತಪ್ಪು ಅಂತ ಆಮೇಲೆ ಅವರೇ ಒಪ್ಪಿಕೊಂಡರು. 6 ಅಂತ ಬರೆದಿದ್ದರೆ ಅವರ ಪಟ್ಟಿ 113-112 ಆಗಿ ಪ್ಯಾಕಿಯಾವೊ ಗೆಲ್ಲುತ್ತಿದ್ದ. ತೀರ್ಪುಗಾರರು ಮಾರ್ಕೆಸ್‌ಗೆ ಯಾವಾಗಲೂ ಅನ್ಯಾಯ ಮಾಡಿದರು ಅನ್ನುವ ಅಭಿಮಾನಿಗಳು ಈ ಒಂದು ಅಂಕವನ್ನು ಸುಮ್ನೆ ಮರೆತುಬಿಡುತ್ತಾರೆ.

ಮರುಪಂದ್ಯಕ್ಕೆ ಏಳೂವರೆ ಲಕ್ಷ ಡಾಲರ್ ಕೊಡುತ್ತೇವೆ ಅಂದರು. ಕಡಿಮೆಯಾಯಿತು ಅಂತ ಮಾರ್ಕೆಸ್ ಕಡೆಯವರು ಒಪ್ಪಲಿಲ್ಲ. ಕೊನೆಗೆ 2006ರಲ್ಲಿ ಇಂಡೋನೇಷ್ಯಾದ ಬೋರ್ನಿಯೋ ದ್ವೀಪಕ್ಕೆ ಹೋಗಿ ಅದೇ ದೇಶದವನಾದ ಕ್ರಿಸ್ ಜಾನ್ ಎದುರು ಆಡಿದ. ಸಿಕ್ಕಿದ್ದು ಸುಮಾರು 30 ಸಾವಿರ ಡಾಲರ್. ಅಂಕಗಳಲ್ಲಿ ಸೋತ, ಹಣವೂ ಹೋಯಿತು. ಲೆಕ್ಕ ಓದಿದವನ ಲೆಕ್ಕವೂ ಹೀಗೆ ತಪ್ಪುತ್ತದೆ.

ಆದರೆ ಮುಂದಿನ ವರ್ಷವೇ ಬರೇರಾನನ್ನು ಸೋಲಿಸಿ ಎರಡನೇ ತೂಕದ ವಿಭಾಗದಲ್ಲೂ ಚಾಂಪಿಯನ್ ಆದ. 2008ರ ಮಾರ್ಚ್‌ನಲ್ಲಿ ಪ್ಯಾಕಿಯಾವೊ ಜೊತೆ ಎರಡನೇ ಪಂದ್ಯ. ಮೂರನೇ ರೌಂಡಿನಲ್ಲಿ ಮಾರ್ಕೆಸ್ ಒಮ್ಮೆ ಬಿದ್ದ. ಒಬ್ಬ ತೀರ್ಪುಗಾರ ಅವನ ಪರ, ಇಬ್ಬರು ಪ್ಯಾಕಿಯಾವೊ ಪರ, ಅದರಲ್ಲೂ ಒಬ್ಬರದು 114-113. ಆ ಒಂದು ಸಲ ಬೀಳದಿದ್ದರೆ ಫಲಿತಾಂಶವೇ ಬೇರೆ ಆಗುತ್ತಿತ್ತು, ಅಲ್ವಾ?

ನಡುವೆ ಜೋಯೆಲ್ ಕಾಸಾಮಯೋರ್, ಹುವಾನ್ ಡಿಯಾಸ್, ಮೈಕಲ್ ಕಟ್ಸಿಡಿಸ್ ಎಲ್ಲರನ್ನೂ ಪೂರ್ತಿ ಅವಧಿಗೆ ಮೊದಲೇ ಮುಗಿಸಿದ. ಮೂವತ್ತೈದು ದಾಟಿದ ಮೇಲೆ ಇಷ್ಟೆಲ್ಲ. 2009ರಲ್ಲಿ ಫ್ಲಾಯ್ಡ್ ಮೇವೆದರ್ ಎದುರು ಮಾತ್ರ ಏನೂ ನಡೆಯಲಿಲ್ಲ. ಆ ಪಂದ್ಯಕ್ಕೆ ತಯಾರಾಗುವಾಗ ಟಿವಿ ಕ್ಯಾಮೆರಾ ಮುಂದೆ ತನ್ನದೇ ಮೂತ್ರ ಕುಡಿದು ತೋರಿಸಿದ್ದ. ನಮ್ಮ ಮೊರಾರ್ಜಿ ದೇಸಾಯಿ ನೆನಪಾದರೆ ತಪ್ಪಿಲ್ಲ. ಪಂದ್ಯಕ್ಕೇನೂ ಅದರಿಂದ ಉಪಯೋಗ ಆಗಲಿಲ್ಲ.

2011ರಲ್ಲಿ ಮೂರನೇ ಪಂದ್ಯ. ಪ್ರಚಾರಕ್ಕೆ ಮನಿಲಾಕ್ಕೆ ಹೋದಾಗ ‘ಮಾರ್ಕೆಸ್ ಪ್ಯಾಕಿಯಾವೊನನ್ನು ಎರಡು ಸಲ ಸೋಲಿಸಿದ್ದಾನೆ’ ಅಂತ ಬರೆದ ಟೀ ಶರ್ಟ್ ಹಾಕಿಕೊಂಡಿದ್ದ. ಪ್ಯಾಕಿಯಾವೊನ ದೇಶದಲ್ಲೇ! ಪಂದ್ಯದಲ್ಲಿ ಇಬ್ಬರೂ ಬೀಳಲಿಲ್ಲ. ರಿಂಗಿನ ಮೂಲೆಯಲ್ಲಿದ್ದ ಮಾರ್ಕೆಸ್ ಕಡೆಯವರು ಗೆದ್ದೇ ಬಿಟ್ಟೆವು ಅಂತಲೇ ನಂಬಿದ್ದರು. ತೀರ್ಪು 114-114, 115-113, 116-112. ಗೆದ್ದವನು ಪ್ಯಾಕಿಯಾವೊ. ಸಭಾಂಗಣದಲ್ಲಿ ಜನ ಕೂಗಾಡಿದರು. ನನ್ನ ಲೆಕ್ಕದಲ್ಲಿ ಆ ಪಂದ್ಯ ಮಾರ್ಕೆಸ್‌ದು. ಆದರೆ 115-113 ಎಂಬ ಪಟ್ಟಿಯನ್ನು ಹುಚ್ಚುತನ ಅನ್ನಲಾರೆ. ಕಾದು ಹೊಡೆಯುವವನ ಕಷ್ಟವೇ ಅದು. ಅವನು ಹಿಂದೆ ಸರಿಯುತ್ತಿರುತ್ತಾನೆ. ಮುಂದೆ ನುಗ್ಗುವವನೇ ಆಟ ನಡೆಸುತ್ತಿದ್ದಾನೆ ಅಂತ ಕೂತು ನೋಡುವವರಿಗೆ ಅನ್ನಿಸುತ್ತದೆ.

ನಾಲ್ಕನೆಯದು 2012ರ ಡಿಸೆಂಬರ್ 8. ಮೊದಲ ಸಲ ಇಬ್ಬರೂ ಆಡಿದ್ದು 57 ಕೆಜಿ ವಿಭಾಗದಲ್ಲಿ. ಈಗ 66 ಕೆಜಿ ದಾಟಿದ ವೆಲ್ಟರ್‌ವೇಟ್. ಯಾವ ಪ್ರಮುಖ ಪಟ್ಟವೂ ಪಣಕ್ಕಿರಲಿಲ್ಲ. ಮಾರ್ಕೆಸ್‌ಗೆ 39 ವರ್ಷ, ಆದರೆ ಮೈ ಹಿಂದೆಂದಿಗಿಂತ ಹುರಿಗೊಂಡಿತ್ತು. ಇದರ ಬಗ್ಗೆ ಅನುಮಾನಗಳೂ ಎದ್ದವು. ಅವನ ಫಿಟ್‌ನೆಸ್ ಕೋಚ್ ಹಿಂದೆ ಅಥ್ಲೀಟುಗಳಿಗೆ ನಿಷೇಧಿತ ಔಷಧ ಪೂರೈಸಿದ್ದಾಗಿ ಅಮೆರಿಕದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದ್ದವನು. ಮಾರ್ಕೆಸ್ ಮಾತ್ರ ಯಾವ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ಎರಡನ್ನೂ ಹೇಳಬೇಕು, ಹೇಳಿದ್ದೇನೆ.

ಮೂರನೇ ರೌಂಡಿನಲ್ಲಿ ದೂರದಿಂದ ಬೀಸಿ ಬಂದ ಬಲಗೈ ಪ್ಯಾಕಿಯಾವೊನನ್ನು ಕೆಡವಿತು. ನಾಲ್ಕು ಪಂದ್ಯಗಳಲ್ಲಿ ಅವನು ಬಿದ್ದದ್ದು ಅದೇ ಮೊದಲು. ಐದರಲ್ಲಿ ಮಾರ್ಕೆಸ್ ಬಿದ್ದ, ಮೂಗು ಒಡೆಯಿತು. ಆರನೇ ರೌಂಡು ಮುಗಿಯುತ್ತಾ ಬಂದಿತ್ತು. ಪ್ಯಾಕಿಯಾವೊ ಅವನನ್ನು ಹಗ್ಗದ ಕಡೆ ಒತ್ತಿಕೊಂಡು ಹೋಗಿ, ಮುಗಿಸಿಬಿಡೋಣ ಅಂತ ಇನ್ನೊಂದು ಹೆಜ್ಜೆ ಒಳಗೆ ಬಂದ. ಎಂಟೂವರೆ ವರ್ಷದಿಂದ ಮಾರ್ಕೆಸ್ ಓದಿಕೊಂಡಿದ್ದ ಹೆಜ್ಜೆ ಅದು. ಚಿಕ್ಕ ಬಲಗೈ ಹೊಡೆತ, ನೇರ ಮುಖಕ್ಕೆ. ಪ್ಯಾಕಿಯಾವೊ ಮುಖ ಅಡಿಯಾಗಿ ಬಿದ್ದ, ಅಲ್ಲಾಡಲಿಲ್ಲ. ರೌಂಡಿನಲ್ಲಿ ಕಳೆದಿದ್ದು 2 ನಿಮಿಷ 59 ಸೆಕೆಂಡು. ಕೆಲ ನಿಮಿಷ ಆದ ಮೇಲೆ ಅವನು ಎದ್ದು ಕೂತಾಗಲೇ ಎಲ್ಲರಿಗೂ ಉಸಿರು ಬಂದದ್ದು.

ಆ ಹೊತ್ತಿಗೆ ಮೂರೂ ಅಂಕಪಟ್ಟಿಗಳಲ್ಲಿ 47-46. ಮುಂದಿದ್ದವನು ಪ್ಯಾಕಿಯಾವೊ. ಪಂದ್ಯ ಮತ್ತೆ 12 ರೌಂಡಿಗೆ ಹೋಗಿದ್ದರೆ ಏನಾಗುತ್ತಿತ್ತೋ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. 2013ರಲ್ಲಿ ಟಿಮ್ ಬ್ರಾಡ್ಲಿ ಎದುರು ಸೋತ, ಮತ್ತೆ ಅಂಕಗಳಲ್ಲೇ. 2014ರಲ್ಲಿ ಮೈಕ್ ಅಲ್ವರಾಡೊ ಎದುರು ಗೆದ್ದ, ಅದೇ ಕೊನೆಯ ಪಂದ್ಯ. ನಿವೃತ್ತಿ ಹೇಳಿದ್ದು 2017ರಲ್ಲಿ. ಒಟ್ಟು 56 ಗೆಲುವು, 7 ಸೋಲು, 1 ಡ್ರಾ. ಗೆಲುವುಗಳಲ್ಲಿ 40 ನಾಕ್‌ಔಟ್.

ಐದನೇ ಪಂದ್ಯಕ್ಕೆ ಪ್ಯಾಕಿಯಾವೊ ಕಡೆಯವರು ಮತ್ತೆ ಮತ್ತೆ ಕರೆದರು. ದುಡ್ಡೂ ದೊಡ್ಡದೇ ಇತ್ತು. ಮಾರ್ಕೆಸ್ ಬೇಡ ಅಂದ. ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಪ್ಯಾಕಿಯಾವೊಗೆ ಎರಡು ಗೆಲುವು, ಮಾರ್ಕೆಸ್‌ಗೆ ಒಂದು, ಒಂದು ಡ್ರಾ. ಅದನ್ನು ಸರಿಮಾಡುವ ಅವಕಾಶ ಎದುರಿಗೇ ಇದ್ದರೂ ಅವನು ಮುಟ್ಟಲಿಲ್ಲ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.