ಕಣದಲ್ಲಿ ಟೆಲಿಸ್ಕೋಪು, ತಲೆ ಮೇಲೆ ಕಂಬಳಿ

ಕಾರಿನ ಹಿಂದಿನ ಸೀಟಿನಲ್ಲಿ ಮಲಗಿದೆಯಲ್ಲ, ಉದ್ದನೆಯ ಬಿಳಿ ಕೊಳವೆ, ಅದೇ ನನ್ನ ಟೆಲಿಸ್ಕೋಪು. ಆರು ಇಂಚಿನ ಡಾಬ್ಸೋನಿಯನ್. ತಳದಲ್ಲಿ 150 ಮಿಲಿಮೀಟರ್ ಅಗಲದ ಕನ್ನಡಿ ಇದೆ. ಹೊದಿಕೆ ಸುತ್ತಿ, ಸೀಟ್ ಬೆಲ್ಟ್ ಬಿಗಿದು ಬೆಂಗಳೂರಿನಿಂದ ಹೊರಟಿದ್ದೇನೆ. ಹೊಸದುರ್ಗದ ಹತ್ತಿರ ನಮ್ಮ ಊರು. ಸಂಕ್ರಾಂತಿ ಕಳೆದಿದೆ, ಇವತ್ತು ಅಮಾವಾಸ್ಯೆ.

"ಅಮಾಸೆ ದಿನ ಯಾಕವ್ವ ಹೊರಡ್ತೀಯ, ನಾಳೆ ಬಾ" ಅಂತ ಅಜ್ಜಿ ಫೋನಿನಲ್ಲಿ ಹೇಳಿದ್ದರು. ಅಮಾವಾಸ್ಯೆ ಅಂತಲೇ ಬರುತ್ತಿದ್ದೇನೆ ಅಜ್ಜಿ, ಚಂದ್ರನ ಬೆಳಕು ಇರಬಾರದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಷಾರಾಗಿ ಬಾ" ಅಂದರು.

ದಾರಿ ಉದ್ದ ಇದೆ. ಅಷ್ಟರಲ್ಲಿ ಬೆಂಗಳೂರಿನ ನಮ್ಮ ತಾರಸಿಯ ಕತೆ ಹೇಳುತ್ತೇನೆ. ಈ ವಿಡಿಯೋದಲ್ಲಿ ತಾರಸಿಯ ದೃಶ್ಯ ಹೋದ ವಾರ ತೆಗೆದದ್ದು.

ನಾನು ಮೊದಲು ಕೊಂಡ ಟೆಲಿಸ್ಕೋಪು ಇದಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ 500ಕ್ಕೂ ಹೆಚ್ಚು ಪಟ್ಟು ಅಂತ ಬರೆದಿದ್ದ 60 ಮಿಲಿಮೀಟರಿನ ಒಂದು ಚಿಕ್ಕ ಟೆಲಿಸ್ಕೋಪು. ಅದರಲ್ಲಿ ಗುರು ಗ್ರಹ ಒಂದು ಮಸುಕು ಉಂಡೆಯ ಹಾಗೆ ಕಂಡಿತು. ತುಂಬಾ ಬೇಜಾರಾಗಿತ್ತು. ಲೆಕ್ಕ ಆಮೇಲೆ ಗೊತ್ತಾಯಿತು. ಕನ್ನಡಿಯ ಅಥವಾ ಮಸೂರದ ಅಗಲ ಎಷ್ಟು ಮಿಲಿಮೀಟರೋ, ಅದರ ಎರಡು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿದರೆ ಪ್ರಯೋಜನವಿಲ್ಲ. 60 ಮಿಲಿಮೀಟರಿಗೆ 120 ಪಟ್ಟು ಸಾಕು. ಅದರಾಚೆ ಮಸುಕೇ ದೊಡ್ಡದಾಗುತ್ತದೆ. ಮನೆಗೆ ಟೆಲಿಸ್ಕೋಪು ತರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎಷ್ಟು ಪಟ್ಟು ಅಂತ ಕೇಳಬೇಡಿ, ಅಗಲ ಎಷ್ಟು ಅಂತ ಕೇಳಿ. ಸ್ಟ್ಯಾಂಡು ಅಲುಗಾಡುತ್ತದಾ ಅಂತ ತಟ್ಟಿ ನೋಡಿ.

ಈ ಡಾಬ್ಸೋನಿಯನ್ ನನಗೆ ಇಷ್ಟವಾಗಲು ಅದರ ಸ್ಟ್ಯಾಂಡೂ ಒಂದು ಕಾರಣ. ಮರದ ಪೆಟ್ಟಿಗೆಯಂಥ ಪೀಠ, ಕೈಯಲ್ಲೇ ತಳ್ಳಿ ತಿರುಗಿಸಬೇಕು. ಇದನ್ನು ರೂಪಿಸಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಆಶ್ರಮ ಸೇರಿದವರು. ವಿವೇಕಾನಂದರು ಅಮೆರಿಕದಲ್ಲಿ ಬಿತ್ತಿ ಬಂದ ಬೀಜದಿಂದ ಬೆಳೆದ ಸಂಸ್ಥೆ ಅದು. ಹಡಗಿನ ಕಿಟಕಿಯ ದಪ್ಪ ಗಾಜು ತಂದು, ಕೈಯಲ್ಲೇ ಉಜ್ಜಿ ಕನ್ನಡಿ ಮಾಡುತ್ತಿದ್ದರು. 1967ರಲ್ಲಿ ಆಶ್ರಮ ಬಿಟ್ಟ ಮೇಲೆ ಟೆಲಿಸ್ಕೋಪನ್ನು ಬೀದಿ ಬದಿಯಲ್ಲಿ ನಿಲ್ಲಿಸಿ, ಹೋಗಿ ಬರುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸಿದರು. ಇವತ್ತು ಕಡಿಮೆ ಖರ್ಚಿನಲ್ಲಿ ದೊಡ್ಡ ಕನ್ನಡಿ ನಮ್ಮ ಕೈಗೆ ಸಿಗುತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಪ್ರತಿ ಸಲ ಪೀಠ ತಿರುಗಿಸುವಾಗ ನನಗೆ ಅವರ ನೆನಪಾಗುತ್ತದೆ.

ಸರಿ, ತಾರಸಿಗೆ ಬರೋಣ. ಬೆಂಗಳೂರಿನ ಬೆಳಕಿನಲ್ಲಿ ಏನು ಕಾಣುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಚಂದ್ರ, ಗುರು, ಶನಿ ಚೆನ್ನಾಗಿಯೇ ಕಾಣುತ್ತವೆ. ಅವಕ್ಕೆ ಬೇಕಾದಷ್ಟು ಬೆಳಕಿದೆ, ಬೀದಿ ದೀಪ ಅವನ್ನು ಮುಚ್ಚುವುದಿಲ್ಲ. ಅವನ್ನು ಕೆಡಿಸುವುದು ಗಾಳಿ. ಬಾವಿಗೆ ಕೊಡ ಬಿಟ್ಟಾಗ ನೀರು ಕಲಕುತ್ತದಲ್ಲ, ನೀರು ನಿಲ್ಲುವ ತನಕ ತಳದ ಕಲ್ಲು ಕಾಣುವುದಿಲ್ಲ. ನಮ್ಮ ತಲೆ ಮೇಲಿನ ಗಾಳಿಯೂ ಹಾಗೇ. ನಕ್ಷತ್ರ ಜೋರಾಗಿ ಮಿನುಗುತ್ತಿದ್ದರೆ ನೋಡಲು ಚೆಂದ, ಆದರೆ ಗ್ರಹ ನೋಡುವವರಿಗೆ ಅದು ಒಳ್ಳೆ ರಾತ್ರಿಯಲ್ಲ. ಸ್ವಲ್ಪ ಮಂಜು ಮಂಜಾಗಿ, ಎಲೆ ಅಲ್ಲಾಡದ ರಾತ್ರಿ ಇದ್ದರೆ ನಾನು ತಕ್ಷಣ ಮೇಲೆ ಹತ್ತುತ್ತೇನೆ. ಅಂಥ ರಾತ್ರಿ ಗುರು ಗ್ರಹ ಅಚ್ಚು ಒತ್ತಿದ ಹಾಗೆ ನಿಂತಿರುತ್ತದೆ.

ಆ ಗಾಳಿ ಮೇಲೆ ಮಾತ್ರ ಕಲಕುತ್ತದೆ ಅಂತ ನಾನು ತುಂಬಾ ದಿನ ತಿಳಿದುಕೊಂಡಿದ್ದೆ. ಕಾಲ ಕೆಳಗೂ ಕಲಕುತ್ತದೆ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಹತ್ತರ ತನಕ ಬಿಸಿ ಬಿಡುತ್ತಲೇ ಇರುತ್ತದೆ. ಅದಕ್ಕೆ ಸಂಜೆ ಎರಡು ಬಕೆಟ್ ನೀರು ಹೊಯ್ಯುತ್ತೇನೆ, ಬೇಸಿಗೆಯಲ್ಲಿ ಅಮ್ಮ ಮಾಡುತ್ತಿದ್ದ ಹಾಗೆ. ಪಕ್ಕದ ಮನೆಯ ಏಸಿ ಯಂತ್ರದ ಮೇಲಿಂದ ಹಾದು ನೋಡುವುದಿಲ್ಲ. ಗ್ರಹ ಮೇಲೇರುವ ತನಕ ಕಾಯುತ್ತೇನೆ. ಕೈ ಚಾಚಿ ಹಿಡಿದ ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಬಾನಂಚಿನಿಂದ ಕನಿಷ್ಠ ಮೂರು ಮುಷ್ಟಿ ಮೇಲಿರಬೇಕು.

ಇನ್ನೊಂದು ಗಾಳಿ ಇದೆ, ಟೆಲಿಸ್ಕೋಪಿನ ಒಳಗಿನದು. ಕೋಣೆಯಿಂದ ಹೊರಗೆ ತಂದ ಕನ್ನಡಿ ಇನ್ನೂ ಬೆಚ್ಚಗಿರುತ್ತದೆ. ಅದರಿಂದ ಎದ್ದ ಬಿಸಿ ಗಾಳಿ ಕೊಳವೆಯೊಳಗೇ ಅಲೆಯುತ್ತದೆ. ನನ್ನ ಕನ್ನಡಿ ತಣಿಯಲು ಮುಕ್ಕಾಲು ಗಂಟೆ ಬೇಕು. ಊಟಕ್ಕೆ ಮೊದಲೇ ಹೊರಗಿಟ್ಟು ಬಂದರೆ ಊಟ ಮುಗಿಯುವಷ್ಟರಲ್ಲಿ ಅದೂ ತಯಾರಾಗಿರುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೂ ಇದೊಂದರಿಂದಲೇ ನನ್ನ ಗುರು ಗ್ರಹಕ್ಕೆ ಪಟ್ಟೆ ಬಂತು. ಮೊದಲು ಎರಡು ಪಟ್ಟೆ, ಆಮೇಲೆ ಪಟ್ಟೆಯ ಅಂಚಿನ ಗೀರು.

ಮತ್ತೆ, ಟೆಲಿಸ್ಕೋಪಿನಿಂದ ಕಣ್ಣು ಬೇಗ ತೆಗೆಯಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಬಂದವರು ಐದು ಸೆಕೆಂಡು ನೋಡಿ "ಹಾಂ, ಕಾಣಿಸ್ತು" ಅಂದು ಸರಿದುಬಿಡುತ್ತಾರೆ. ಹತ್ತು ನಿಮಿಷ ನೋಡಿ. ಗ್ರಹ ನಡುಗುತ್ತಿರುತ್ತದೆ, ನಡುಗುತ್ತಿರುತ್ತದೆ, ಇದ್ದಕ್ಕಿದ್ದಂತೆ ಒಂದು ಕ್ಷಣ ನಿಂತುಬಿಡುತ್ತದೆ. ಆ ಒಂದು ಕ್ಷಣಕ್ಕೆ ಎಲ್ಲವೂ ಅಲ್ಲಿರುತ್ತದೆ. ನಾನು ಹೇಳುವ ಒಳ್ಳೆ ನೋಟ ಅಂದರೆ ಅದೇ. ಸುಮ್ನೆ ಒಮ್ಮೆ ಕೂತು ನೋಡಿ. 120 ಪಟ್ಟಿನಲ್ಲಿ ಗ್ರಹ ಒಂದೂವರೆ ನಿಮಿಷಕ್ಕೆಲ್ಲ ಸರಿದು ಹೊರಗೆ ಹೋಗುತ್ತದೆ. ಭೂಮಿ ತಿರುಗುತ್ತಿದೆ ಅಲ್ವಾ. ಕೊಳವೆಯನ್ನು ಮೆಲ್ಲಗೆ ತಳ್ಳುತ್ತಾ ಇರಬೇಕು. ಸ್ವಲ್ಪ ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ.

ಊರು ಬಂತು. ಇದು ನಮ್ಮ ಕಣ. ರಾಗಿ ಒಕ್ಕಣೆ ಮುಗಿದಿದೆ, ಆ ಕಡೆ ಬಣವೆ. ಮಣ್ಣಿನ ನೆಲ, ಮೇಲೆ ಸಗಣಿ ಸಾರಿಸಿದೆ. ಇಂಥ ನೆಲ ಸೂರ್ಯ ಮುಳುಗಿದ ಮೇಲೆ ಬೇಗ ತಣಿಯುತ್ತದೆ. ಧೂಳು ಅಡಗಿದ ಮೇಲಷ್ಟೇ ಮುಚ್ಚಳ ತೆಗೆದೆ. ಬೆಳಕಿರುವಾಗಲೇ ದೂರದ ನೀರಿನ ಟ್ಯಾಂಕಿನ ತುದಿಗೆ ಗುರಿಯಿಟ್ಟು ಫೈಂಡರ್, ಅಂದರೆ ಗುರಿ ಹಿಡಿಯಲು ಕೊಳವೆಯ ಮೇಲಿರುವ ಚಿಕ್ಕ ಸಾಧನ, ಹೊಂದಿಸಿಕೊಂಡೆ. ಸೂರ್ಯ ಬೆನ್ನ ಹಿಂದೆ ಇರಬೇಕು, ಟೆಲಿಸ್ಕೋಪು ಅವನ ಕಡೆ ತಪ್ಪಿಯೂ ತಿರುಗಬಾರದು. ಕಾರಿನಲ್ಲಿ ಕುಲುಕಿ ಬಂದದ್ದರಿಂದ ಕನ್ನಡಿಯ ಸ್ಕ್ರೂಗಳನ್ನೂ ಸರಿಮಾಡಬೇಕಾಯಿತು. ಕನ್ನಡಿ ಕೂದಲೆಳೆಯಷ್ಟು ವಾಲಿದರೂ ನಕ್ಷತ್ರಕ್ಕೆ ಒಂದು ಬದಿ ಬಾಲ ಬರುತ್ತದೆ.

ಕತ್ತಲಾಯಿತು. ಇಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುತ್ತಿಲ್ಲ, ನನ್ನ ಮಾತಷ್ಟೇ ಕೇಳಿ.

ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು. ಮೊಬೈಲನ್ನು ಒಂದು ಸಲ ನೋಡಿದರೂ ಆ ಅರ್ಧ ಗಂಟೆ ವ್ಯರ್ಥ. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೇನೆ, ಕೆಂಪು ಬೆಳಕು ಕಣ್ಣನ್ನು ಅಷ್ಟಾಗಿ ಕೆಡಿಸುವುದಿಲ್ಲ. ಆದರೆ ಊರಿನ ತುದಿಯಲ್ಲಿ ಹೊಸದಾಗಿ ಒಂದು ಎಲ್ಇಡಿ ದೀಪ ಹಾಕಿದ್ದಾರೆ. ಅದು ನೇರ ಕಣ್ಣಿಗೇ ಹೊಡೆಯುತ್ತಿತ್ತು. ಅಜ್ಜಿ ಒಳಗೆ ಹೋಗಿ ತಾತನ ಕರಿ ಕಂಬಳಿ ತಂದುಕೊಟ್ಟರು. ಚಳಿಗೆ ಹೊದ್ದುಕೋ ಅಂತ. ನಾನು ತಲೆ ಮೇಲೆ ಎಳೆದು, ಕಣ್ಣಿಟ್ಟು ನೋಡುವ ಐಪೀಸನ್ನೂ ಸೇರಿಸಿ ಮುಚ್ಚಿಕೊಂಡೆ. ಒಳಗೆ ಗವ್ವೆನ್ನುವ ಕತ್ತಲು. ಒಳ್ಳೆಯ ನೋಟಕ್ಕೆ ಇದಕ್ಕಿಂತ ಒಳ್ಳೆ ಸಾಧನ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ.

ರಾತ್ರಿ ಒಂಬತ್ತಕ್ಕೆ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜದ ಬೇಟೆಗಾರ, ಮೇಲೇರಿದ್ದ. ಅವನ ಸೊಂಟದ ಮೂರು ನಕ್ಷತ್ರದ ಕೆಳಗೆ ನೇತಾಡುವ ಕತ್ತಿ, ಕತ್ತಿಯ ನಡುವೆ ನೀಹಾರಿಕೆ. 1,300 ಜ್ಯೋತಿರ್ವರ್ಷಕ್ಕೂ ದೂರದಲ್ಲಿ ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ಬೆಂಗಳೂರಿನಲ್ಲಿ ಅದು ಉಸಿರು ತಾಗಿದ ಗಾಜಿನ ಕಲೆಯಷ್ಟೇ. ಇಲ್ಲಿ ಎರಡು ರೆಕ್ಕೆ ಚಾಚಿತ್ತು. 25 ಮಿಲಿಮೀಟರಿನ ಐಪೀಸ್, ಬರೀ 48 ಪಟ್ಟು. ನೇರ ನೋಡಿದರೆ ರೆಕ್ಕೆ ಚಿಕ್ಕದು, ಸ್ವಲ್ಪ ಪಕ್ಕಕ್ಕೆ ದೃಷ್ಟಿ ಹೊರಳಿಸಿದರೆ ದೊಡ್ಡದಾಗುತ್ತದೆ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಬಣ್ಣ ಕಾಣುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಫೋಟೋದ ಗುಲಾಬಿ ಕ್ಯಾಮೆರಾ ಹಿಡಿಯುವ ಬಣ್ಣ. ನಮ್ಮ ಕಣ್ಣಿಗೆ ಬೂದು, ಜಾಸ್ತಿ ಅಂದರೆ ಒಂಚೂರು ಹಸಿರು. ಆದರೂ ಆ ಬೆಳಕು ಅಲ್ಲಿಂದ ಹೊರಟು ನೇರ ನನ್ನ ಕಣ್ಣಿಗೇ ಬಂದು ಮುಟ್ಟಿತು. ಫೋಟೋ ನೋಡುವಾಗ ನನಗೆ ಹಾಗೆ ಅನ್ನಿಸುವುದಿಲ್ಲ.

ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ದೆ. ನಾನು ಇಷ್ಟು ದೂರ ಬಂದದ್ದು ಈ ಜಾವಕ್ಕೆ. ದಕ್ಷಿಣದ ತೆಂಗಿನ ತೋಟದ ಮೇಲೆ ತ್ರಿಶಂಕು, ಶಿಲುಬೆಯಾಕಾರದ ನಕ್ಷತ್ರಪುಂಜ, ಎದ್ದು ನಿಂತಿತ್ತು. ಅದರ ಎಡಕ್ಕೆ, ಕೆಳಗೆ, ಬೀಟಾ ಸೆಂಟಾರಿ ನಕ್ಷತ್ರ. ಅಲ್ಲಿಂದ ಎಪ್ಸಿಲಾನ್ ಸೆಂಟಾರಿ ಅನ್ನುವ ಇನ್ನೊಂದು ನಕ್ಷತ್ರಕ್ಕೆ ಗೆರೆ ಎಳೆದು, ಹೆಚ್ಚುಕಡಿಮೆ ಅಷ್ಟೇ ದೂರ ಮುಂದೆ ಹೋದರೆ ಒಂದು ಮಸುಕು ಚುಕ್ಕೆ. ಒಮೇಗಾ ಸೆಂಟಾರಿ. ಕೋಟಿಯಷ್ಟು ನಕ್ಷತ್ರ ಒಂದೇ ಉಂಡೆಯಾಗಿ ಕೂತ ಗುಚ್ಛ, ದೂರ ಸುಮಾರು 17,000 ಜ್ಯೋತಿರ್ವರ್ಷ. ಲಂಡನ್ನಿನಲ್ಲಿ ಇದು ಹುಟ್ಟುವುದೇ ಇಲ್ಲ. ಎಡ್ಮಂಡ್ ಹ್ಯಾಲಿ 1677ರಲ್ಲಿ ಇದನ್ನು ಗುರುತಿಸಿದ್ದು ದಕ್ಷಿಣದ ಸೇಂಟ್ ಹೆಲೆನಾ ದ್ವೀಪಕ್ಕೆ ಹೋಗಿದ್ದಾಗ. ನಮ್ಮ ಕಣದಿಂದ ಇದು ಸುಮಾರು ಮೂರು ಮುಷ್ಟಿ ಎತ್ತರಕ್ಕೆ ಬರುತ್ತದೆ. ಕರ್ನಾಟಕದಲ್ಲಿ ಟೆಲಿಸ್ಕೋಪು ಇಟ್ಟುಕೊಂಡು ಇದನ್ನು ನೋಡದವರು ದಯವಿಟ್ಟು ಒಂದು ಸಲ ನೋಡಿ.

ಅಜ್ಜಿ ಎದ್ದು ಬಂದರು. ಅವರಿಗೆ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಕನ್ನಡಕ ತೆಗೆಸಿ, ಸ್ಟೂಲಿನ ಮೇಲೆ ಕೂರಿಸಿ, ಕಂಬಳಿ ಹೊದಿಸಿದೆ. ಫೋಕಸ್ ತಿರುಗಿಸುವ ಗುಂಡಿಯನ್ನು ಅವರ ಕೈಗೇ ಕೊಟ್ಟೆ, ಕಣ್ಣಿಗೆ ಸರಿಹೋಗುವ ತನಕ ತಿರುಗಿಸಿ ಅಜ್ಜಿ ಅಂತ. ಕಂಬಳಿಯೊಳಗೆ ತುಂಬಾ ಹೊತ್ತು ಮಾತಿಲ್ಲ. ನಾನು ಕೊಳವೆಯನ್ನು ಮೆಲ್ಲಗೆ ತಳ್ಳುತ್ತಾ ನಿಂತಿದ್ದೆ.

"ಬೀಸೋ ಕಲ್ಲಿನ ಸುತ್ತ ಹಿಟ್ಟು ಉದುರಿದಂಗೈತೆ ಕಣವ್ವ" ಅಂದರು.

ಹೌದು. ನಡುವೆ ದಟ್ಟ, ಅಂಚಿಗೆ ಬರುತ್ತಾ ಕಾಳು ಕಾಳು. ಇಷ್ಟು ವರ್ಷದಲ್ಲಿ ನನಗೆ ಈ ಮಾತು ಹೊಳೆದಿರಲಿಲ್ಲ.

ಮೇ ತಿಂಗಳಲ್ಲಾದರೆ ಇದೇ ಗುಚ್ಛ ರಾತ್ರಿ ಹತ್ತಕ್ಕೆಲ್ಲ ದಕ್ಷಿಣದಲ್ಲಿ ಎತ್ತರದಲ್ಲಿರುತ್ತದೆ, ಜಾವಕ್ಕೆ ಏಳುವುದು ಬೇಡ ಅಂದೆ. ಹಂಗಾದ್ರೆ ಮಕ್ಕಳಿಗೆ ರಜ ಇರುತ್ತೆ, ಓಣಿಯವರನ್ನೆಲ್ಲ ಕರೆಯೋಣ ಅಂದರು ಅಜ್ಜಿ. ಕಂಬಳಿಯಿಂದ ತಲೆ ಹೊರಗೆ ತೆಗೆಯಲಿಲ್ಲ.

ಐದೂವರೆ ದಾಟಿದ ಮೇಲೆ ಮೂಡಲು ಬೆಳ್ಳಗಾಯಿತು. ಕೊಳವೆಯ ಮೇಲೆಲ್ಲ ಇಬ್ಬನಿ. ಒದ್ದೆ ಇರುವಾಗ ಮುಚ್ಚಳ ಹಾಕಿದರೆ ಕನ್ನಡಿಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ. ಅದಕ್ಕೆ ಹಾಗೇ ತಂದು ಪಡಸಾಲೆಯಲ್ಲಿ ಮಲಗಿಸಿದ್ದೇನೆ, ಒಣಗಲಿ ಅಂತ. ಕಂಬಳಿಯನ್ನು ಅಜ್ಜಿ ಹೊದ್ದುಕೊಂಡು ಒಲೆ ಹಚ್ಚಲು ಹೋದರು.